ಎತ್ತಿನ ಹಲ್ಲು ನೋಡುವವರು ನಾಯಿಯ ಬಾಯಿಯನ್ನೂ ನೋಡಬೇಕು



ಸಂತೆಯಲ್ಲಿ ಎತ್ತು ಕೊಳ್ಳುವಾಗ ನೀವು ಮೊದಲು ಮಾಡುವ ಕೆಲಸ ಯಾವುದು? ಬಾಯಿ ಬಿಡಿಸಿ ಹಲ್ಲು ನೋಡುವುದು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದೆಯೋ ಎಂಬುದು ಖಾತ್ರಿಯಾದ ಮೇಲೆಯೇ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಈ ಪರೀಕ್ಷೆಯನ್ನು ನಿಮಗೆ ಯಾವ ವಿಶ್ವವಿದ್ಯಾನಿಲಯವೂ ಕಲಿಸಲಿಲ್ಲ, ತಂದೆಯಿಂದ ಮಗನಿಗೆ ಬಂದ ವಿದ್ಯೆ ಅದು. ಆದರೆ ರಾತ್ರಿಯೆಲ್ಲಾ ಎದ್ದು ತೋಟ ಕಾಯುವ ನಾಯಿಯ ಬಾಯಿಯನ್ನು, ಕಣಜದ ಇಲಿ ಹಿಡಿಯುವ ಬೆಕ್ಕಿನ ಬಾಯಿಯನ್ನು ನಮ್ಮಲ್ಲಿ ಎಷ್ಟು ಜನ ಒಮ್ಮೆಯಾದರೂ ನೋಡಿದ್ದೇವೆ? ನಾನಂತೂ ನೋಡಿರಲಿಲ್ಲ. ಅದರ ಫಲವನ್ನು ನಮ್ಮ ಮನೆಯ ನಾಯಿ ಏಳೆಂಟು ತಿಂಗಳು ಅನುಭವಿಸಿತು. ಆದುದರಿಂದಲೇ ಈ ಲೇಖನ.

ನಾನು ಪಶುವೈದ್ಯನಲ್ಲ, ಬೇಸಾಯಶಾಸ್ತ್ರದವನು. ರಾಗಿ ತೊಗರಿಗಳ ಸಾಲಿನ ಅಂತರ, ಗೊಬ್ಬರದ ಪ್ರಮಾಣ, ಕಳೆ ನಿಯಂತ್ರಣ ಇವು ನನ್ನ ಕಸುಬು. ಆದರೆ ಹೆಸರಿನ ಮುಂದೆ 'ಡಾಕ್ಟರ್' ಸೇರಿಕೊಂಡಂದಿನಿಂದ, ಊರಿಗೆ ಹೋದಾಗಲೆಲ್ಲಾ ಕುಂಟುವ ಕರು, ಮೇವು ಬಿಟ್ಟ ಎಮ್ಮೆ ನಮ್ಮ ಮನೆಯ ಬಾಗಿಲಿಗೆ ಬರುತ್ತವೆ. "ನಾನು ಪೈರಿನ ಡಾಕ್ಟರು" ಎಂದರೆ, "ಪೈರಿಗೆ ಮಾಡೋರು ದನಕ್ಕೆ ಮಾಡಕ್ಕಾಗಲ್ವೆ ಸ್ವಾಮಿ?" ಎಂದು ನಗುತ್ತಾರೆ. ಆದುದರಿಂದ ಈ ಲೇಖನದಲ್ಲಿರುವ ವೈದ್ಯಕೀಯ ವಿಷಯಗಳನ್ನೆಲ್ಲಾ ಪಶುವೈದ್ಯ ಮಿತ್ರರಿಂದ ಕೇಳಿ, ಓದಿ ತಿಳಿದು ಬರೆದಿದ್ದೇನೆ. ಅಭಿಪ್ರಾಯ ಮಾತ್ರ ನನ್ನದು.

ಬಾವು ಒಂದು ಕಡೆ, ಬೇರು ಇನ್ನೊಂದು ಕಡೆ

ತಿಪಟೂರಿನ ಕಡೆ ನಮ್ಮದೊಂದು ತೆಂಗಿನ ತೋಟವಿದೆ. ಬೇಸಾಯ ತಮ್ಮನದು, ತಿಂಗಳಿಗೊಮ್ಮೆ ಹೋಗಿ ಬರುವುದು ನನ್ನದು. ತೋಟದ ಕಾವಲಿಗೆ ಕರಿಯ ಎಂಬ ನಾಟಿ ನಾಯಿ. ಅದಕ್ಕೆ ಏಳು ವರ್ಷವಾಗಿದ್ದಾಗ ಎಡಗಣ್ಣಿನ ಕೆಳಗೆ ನಿಂಬೆಹಣ್ಣಿನಷ್ಟು ಬಾವು ಬಂತು. ಕೆಲವು ದಿನಗಳಲ್ಲಿ ಒಡೆದು ಕೀವು ಸುರಿಯಿತು. ಮುಳ್ಳು ಚುಚ್ಚಿರಬೇಕೆಂದುಕೊಂಡು ಅರಿಸಿನ, ಬೇವಿನೆಣ್ಣೆ ಹಚ್ಚಿದೆವು. ಗಾಯ ಮಾಯಿತು. ಎರಡು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬಾವು. ಈ ಸಲ ಮನೆಯಲ್ಲಿದ್ದ ಮನುಷ್ಯರ ಮಾತ್ರೆಯನ್ನು ಮುದ್ದೆಯಲ್ಲಿಟ್ಟು ಕೊಟ್ಟೆ. ಬಾವು ಇಳಿಯಿತು. ಮೂರನೆಯ ಸಲವೂ ಬಂತು.

ಈ ನಡುವೆ ಕರಿಯ ಬದಲಾಗಿತ್ತು. ಒಂದೇ ಮಗ್ಗುಲಲ್ಲಿ ಅಗಿಯುತ್ತಿತ್ತು. ಗಟ್ಟಿ ರೊಟ್ಟಿ ಹಾಕಿದರೆ ಮೂಸಿ ದೂರ ಹೋಗಿ ಮಲಗುತ್ತಿತ್ತು. ರಾತ್ರಿ ಬೊಗಳುವುದು ಕಡಮೆಯಾಗಿತ್ತು. ಹೊಸದಾಗಿ ನೆಟ್ಟಿದ್ದ ತೆಂಗಿನ ಸಸಿಗಳಲ್ಲಿ ಹನ್ನೊಂದನ್ನು ಒಂದೇ ರಾತ್ರಿ ಹಂದಿಗಳು ಕಿತ್ತು ಹಾಕಿದವು. "ಅದಕ್ಕೆ ವಯಸ್ಸಾಯ್ತು ಕಣಪ್ಪ, ಬೇರೆ ಮರಿ ನೋಡು" ಎಂದರು ನಮ್ಮ ತಂದೆ. ನಾನೂ ಹಾಗೆಯೇ ಎಂದುಕೊಂಡೆ.

ಕೊನೆಗೆ ಪಶುವೈದ್ಯರಿಗೆ ತೋರಿಸಿದಾಗ ಅವರು ಬಾವನ್ನು ಮುಟ್ಟಲೇ ಇಲ್ಲ. ನಾಯಿಯ ತುಟಿಯನ್ನು ಮೇಲಕ್ಕೆತ್ತಿ ಒಳಗೆ ತೋರಿಸಿದರು. ಮೇಲ್ದವಡೆಯಲ್ಲಿ ಮಾಂಸ ಕತ್ತರಿಸುವ ದೊಡ್ಡ ಹಲ್ಲೊಂದಿದೆ. ಅದರ ಹೊರಮೈ ಚಕ್ಕೆಯಂತೆ ಸೀಳಿ ಹೋಗಿತ್ತು, ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ. "ಆ ಚುಕ್ಕೆಯೇ ಬಾಗಿಲು. ಅಲ್ಲಿಂದ ಸೋಂಕು ಒಳಗಿಳಿದು ಬೇರಿನ ತುದಿ ಕೊಳೆತಿದೆ. ಈ ಹಲ್ಲಿಗೆ ಮೂರು ಬೇರು. ಅವುಗಳ ತುದಿ ಇರುವುದು ಕಣ್ಣಿನ ಕೆಳಗೇ" ಎಂದರು.

ನನಗೆ ನಾಚಿಕೆಯಾಯಿತು. ಎಲೆ ಹಳದಿಯಾದರೆ ಎಲೆಗೆ ಔಷಧಿ ಹೊಡೆಯಬೇಡಿ, ಗಿಡ ಕಿತ್ತು ಬೇರು ನೋಡಿ ಎಂದು ಇಪ್ಪತ್ತು ವರ್ಷಗಳಿಂದ ರೈತರಿಗೆ ಹೇಳುತ್ತಾ ಬಂದವನು ನಾನು. ನಮ್ಮ ಮನೆಯ ನಾಯಿಯ ವಿಷಯದಲ್ಲಿ ಎಲೆಗೇ ಔಷಧಿ ಹಚ್ಚುತ್ತಾ ಕುಳಿತಿದ್ದೆ.

ಅವರ ಚೀಟಿ ಹಿಡಿದು ಪಶುವೈದ್ಯ ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕರಿಯನನ್ನು ಕರೆದೊಯ್ದೆವು. ರಕ್ತ ಪರೀಕ್ಷೆ, ಎಕ್ಸ್‌ರೇ ಆದ ಮೇಲೆ ಪೂರ್ಣ ಅರಿವಳಿಕೆ ಕೊಟ್ಟರು. ಹಲ್ಲನ್ನು ಇಕ್ಕಳದಿಂದ ಹಿಡಿದು ಎಳೆಯಲಿಲ್ಲ. ವಸಡನ್ನು ಬಿಡಿಸಿ ಹಿಂದಕ್ಕೆ ಮಡಿಸಿ, ಹಲ್ಲನ್ನು ಮೂರು ಭಾಗವಾಗಿ ಕೊಯ್ದು, ಒಂದೊಂದು ಬೇರನ್ನೂ ಬೇರೆ ಬೇರೆಯಾಗಿ ಸಡಿಲಿಸಿ ತೆಗೆದರು. ಕುಳಿಯನ್ನು ತೊಳೆದು, ತಾನಾಗಿ ಕರಗುವ ದಾರದಿಂದ ವಸಡನ್ನು ಹೊಲಿದರು. ಎರಡು ವಾರ ತೆಳ್ಳಗೆ ಕಲಸಿದ ಮುದ್ದೆ. ಮೂರನೆಯ ವಾರ ಕರಿಯ ಬೇಲಿಯ ಬಳಿ ನಿಂತು ಬೊಗಳಿದ್ದನ್ನು ಕೇಳಿ ತಮ್ಮ ಮಧ್ಯರಾತ್ರಿಯಲ್ಲಿ ನನಗೆ ಫೋನು ಮಾಡಿದ. ಅದಕ್ಕೆ ಆಗಿದ್ದುದು ಮುಪ್ಪಲ್ಲ, ನೋವು.

ಹಲ್ಲು ಸೀಳಿದ್ದು ಹೇಗೆ? ಭಾನುವಾರದ ಅಡುಗೆಯ ಗಟ್ಟಿ ಮೂಳೆಯಿಂದ ಇರಬೇಕೆಂದರು. ಹಾಕಿದವರು ನಾವೇ.

ಮೊದಲು ಕೈ ಹಿಂದೆ

ನಾಯಿಯ ಬಾಯಿ ನೋಡಿ ಎಂದು ಹೇಳುವವನು ಅದಕ್ಕಿಂತ ಮೊದಲು ಒಂದು ಎಚ್ಚರಿಕೆ ಹೇಳಲೇಬೇಕು. ಬಾಯಿಯ ತೊಂದರೆಯಂತೆಯೇ ಕಾಣುವ, ಆದರೆ ಮನುಷ್ಯನ ಪ್ರಾಣ ತೆಗೆಯುವ ರೋಗ ಒಂದಿದೆ. ಅದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್.

ಹುಚ್ಚು ಎಂದರೆ ಕಂಡಕಂಡವರನ್ನು ಕಚ್ಚುತ್ತಾ ಓಡುವ ನಾಯಿ ಎಂದೇ ನಮ್ಮ ಭಾವನೆ. ಈ ರೋಗಕ್ಕೆ ಇನ್ನೊಂದು ರೂಪವಿದೆ. ನಾಯಿ ಮಂಕಾಗಿ ಮೂಲೆ ಸೇರುತ್ತದೆ. ಕೆಳದವಡೆ ಜೋತು ಬೀಳುತ್ತದೆ. ನುಂಗಲಾರದೆ ಜೊಲ್ಲು ಸುರಿಸುತ್ತದೆ. ನೋಡಿದವರು "ಗಂಟಲಲ್ಲಿ ಮೂಳೆ ಸಿಕ್ಕಿದೆ" ಎಂದು ಮರುಕದಿಂದ ಬಾಯಿಗೆ ಕೈ ಹಾಕುತ್ತಾರೆ. ರೋಗಾಣು ಇರುವುದು ಆ ಜೊಲ್ಲಿನಲ್ಲೇ. ಬೆರಳಿನಲ್ಲಿ ಕುಡುಗೋಲು ತಾಗಿದ ಸಣ್ಣ ಗೀರಿದ್ದರೂ ಸಾಕು. ದನಗಳಲ್ಲೂ ಹೀಗೆಯೇ. ಹುಚ್ಚು ಹಿಡಿದ ಹಸು ಜೊಲ್ಲು ಸುರಿಸುತ್ತಾ ನುಂಗಲು ಒದ್ದಾಡುವಾಗ, ಏನೋ ಸಿಕ್ಕಿಕೊಂಡಿದೆಯೆಂದು ಗಂಟಲಿಗೆ ಕೈ ಹಾಕುವ ಅಭ್ಯಾಸ ನಮ್ಮಲ್ಲಿದೆ.

ಆದುದರಿಂದ ಜೊಲ್ಲು ಸುರಿಸುವ, ದವಡೆ ಜೋತುಬಿದ್ದ, ನಡೆ ನುಡಿ ಬದಲಾದ ಪ್ರಾಣಿಯ ಬಾಯಿಗೆ ಕೈ ಹಾಕಲೇಬಾರದು. ಕಟ್ಟಿಹಾಕಿ, ಮಕ್ಕಳನ್ನು ದೂರವಿಟ್ಟು, ಪಶುವೈದ್ಯರನ್ನು ಕರೆಯಿರಿ. ಈಗಾಗಲೇ ಕೈ ಹಾಕಿದ್ದರೆ, ಅಥವಾ ಅದು ಕಚ್ಚಿದ್ದರೆ, ಪರಚಿದ್ದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ವೈದ್ಯರು ಹೇಳಿದಷ್ಟೂ ಸಲ ತಪ್ಪದೆ ಹಾಕಿಸಿಕೊಳ್ಳಿ. ರೋಗದ ಲಕ್ಷಣ ಮನುಷ್ಯನಲ್ಲಿ ಕಂಡ ಮೇಲೆ ಬದುಕಿ ಉಳಿದವರು ಇಲ್ಲವೆನ್ನುವಷ್ಟು ವಿರಳ. ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ, ಕಾಫಿಪುಡಿ ಹಾಕಿ ಕಾಲ ಕಳೆಯಬೇಡಿ. ನಿಮ್ಮ ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿವರ್ಷ. ಇಷ್ಟಾಗಿರುವ ನಾಯಿಯ ಬಾಯಿಯನ್ನು ಮಾತ್ರ ಧೈರ್ಯವಾಗಿ ನೋಡಬಹುದು.

ಬಾಯಿಯಲ್ಲಿ ಏನಿದೆ?

ಬೆಳೆದ ನಾಯಿಗೆ 42 ಹಲ್ಲು, ಬೆಕ್ಕಿಗೆ 30. ಮರಿಗಳಿಗೆ ಕ್ರಮವಾಗಿ 28 ಮತ್ತು 26 ಹಾಲುಹಲ್ಲು. ಅವು ಸುಮಾರು ಆರೇಳು ತಿಂಗಳೊಳಗೆ ಬಿದ್ದು ಹೊಸ ಹಲ್ಲು ಬರುತ್ತವೆ. ಎತ್ತಿಗೆ ಮೇಲ್ದವಡೆಯಲ್ಲಿ ಮುಂಹಲ್ಲುಗಳೇ ಇಲ್ಲವೆಂಬುದು ನಿಮಗೆ ಗೊತ್ತು. ನಾಯಿ ಬೆಕ್ಕುಗಳ ಬಾಯಿ ಬೇರೆ ಬಗೆಯದು. ಕಚ್ಚಿ ಹಿಡಿಯಲು ಕೋರೆಹಲ್ಲು, ಕತ್ತರಿಸಲು ದವಡೆಹಲ್ಲು. ಕೋರೆಹಲ್ಲಿನ ಬೇರು ಹೊರಗೆ ಕಾಣುವ ಹಲ್ಲಿಗಿಂತಲೂ ಉದ್ದ. ಆದುದರಿಂದಲೇ ಅದನ್ನು ಎಳೆದು ಕೀಳಲು ಹೋದರೆ ಬೇರು ಮುರಿಯುತ್ತದೆ, ಕೆಲವೊಮ್ಮೆ ದವಡೆಯೇ ಬಿರಿಯುತ್ತದೆ.

ಈ ಪ್ರಾಣಿಗಳ ಬಾಯಿಯ ಕಾಯಿಲೆಗಳಲ್ಲೆಲ್ಲಾ ಸಾಮಾನ್ಯವಾದುದು ವಸಡಿನ ರೋಗ. ತಿಂದ ಮೇಲೆ ಹಲ್ಲಿನ ಬುಡದಲ್ಲಿ ಕೂರುವ ಪಾಚಿ ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ, ಕೊಳವೆಬಾವಿಯ ನೀರು ಕಾಯಿಸಿದ ಹಂಡೆಯ ಒಳಮೈಗೆ ಕಲ್ಲಿನಂಥ ಪದರ ಕಟ್ಟುವ ಹಾಗೆ. ಅದರಡಿಯಲ್ಲಿ ಸೋಂಕು ಬೆಳೆದು ವಸಡು ಸರಿಯುತ್ತದೆ, ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತದೆ. ಮೂರು ವರ್ಷ ತುಂಬುವ ಹೊತ್ತಿಗೇ ಬಹುಪಾಲು ನಾಯಿ ಬೆಕ್ಕುಗಳಲ್ಲಿ ಇದು ಸ್ವಲ್ಪವಾದರೂ ಕಾಣಿಸಿಕೊಂಡಿರುತ್ತದೆಂದು ಪಶುವೈದ್ಯರ ಅಭಿಪ್ರಾಯ. "ನಾಯಿ ಎಂದ ಮೇಲೆ ಬಾಯಿ ನಾರದೆ ಇರುತ್ತದೆಯೆ?" ಎಂದು ನಾವು ಸುಮ್ಮನಿರುತ್ತೇವೆ. ಬಾಯಿ ನಾರುವುದು ಸಹಜವಲ್ಲ, ಅದು ರೋಗದ ಮೊದಲ ಸುದ್ದಿ.

ಇನ್ನೊಂದು ಮಾತು. ನಾಯಿ ಬೆಕ್ಕುಗಳು ಹಲ್ಲು ನೋವೆಂದು ಕೂಗುವುದಿಲ್ಲ. ಊಟವನ್ನು ಸಂಪೂರ್ಣ ಬಿಡುವುದೂ ಇಲ್ಲ. ನುಂಗಲು ಆಗುವವರೆಗೆ ತಿನ್ನುತ್ತಲೇ ಇರುತ್ತವೆ. "ತಿನ್ನುತ್ತಿದೆಯಲ್ಲಾ, ಇನ್ನೇನು" ಎಂಬ ನಮ್ಮ ಲೆಕ್ಕ ತಪ್ಪುವುದು ಇಲ್ಲಿಯೇ.

ಶಸ್ತ್ರಚಿಕಿತ್ಸೆಯಿಂದ ಏನೇನು ಸಾಧ್ಯ?

ಪ್ರಾಣಿಗಳ ಹಲ್ಲು, ಬಾಯಿ, ದವಡೆಗಳ ಚಿಕಿತ್ಸೆ ಈಗ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದಿದೆ. ಅಮೆರಿಕದಲ್ಲಿ 1988ರಲ್ಲಿ ಈ ವಿಭಾಗದ ತಜ್ಞರ ಕಾಲೇಜಿಗೆ ಅಲ್ಲಿನ ಪಶುವೈದ್ಯಕೀಯ ಸಂಘದ ಮಾನ್ಯತೆ ದೊರೆಯಿತು. ನಮ್ಮಲ್ಲಿ ಈ ಕೆಲಸ ಹೆಚ್ಚಾಗಿ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಪಡೆದ ಪಶುವೈದ್ಯರ ಕೈಯಲ್ಲಿದೆ. ಅವರಿಂದ ಏನಾಗುತ್ತದೆಂಬುದನ್ನು ರೈತರು ತಿಳಿದಿದ್ದರೆ ತಾನೆ ಕೇಳಲು ಸಾಧ್ಯ?

ಮುರಿದ ದವಡೆ: ಲಾರಿ, ಬೈಕು ತಗಲಿ, ಹಂದಿಯ ತಿವಿತದಿಂದ ನಾಯಿಯ ದವಡೆ ಮುರಿಯುತ್ತದೆ. ಎತ್ತರದಿಂದ ಬಿದ್ದ ಬೆಕ್ಕಿಗೆ ಗದ್ದದ ನಡುವೆ ಕೆಳದವಡೆ ಎರಡಾಗಿ ಬೇರ್ಪಡುವುದು ಸಾಮಾನ್ಯ. ನೋಡಲು ಭಯಂಕರವಾಗಿದ್ದರೂ, ಬೆಕ್ಕಿನ ಈ ಪೆಟ್ಟಿಗೆ ಅನೇಕ ವೇಳೆ ಒಂದು ಸುತ್ತು ತಂತಿ ಕಟ್ಟಿದರೆ ಸಾಕಾಗುತ್ತದೆ. ದೊಡ್ಡ ಮುರಿತಗಳಿಗೆ ತಂತಿ, ಹಲ್ಲುಗಳನ್ನೇ ಆಧಾರ ಮಾಡಿಕೊಂಡು ಕಟ್ಟುವ ಪಟ್ಟಿ, ಲೋಹದ ತಗಡು ಬಳಸುತ್ತಾರೆ. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಸರಿಯಾಗಿ ಕೂರುವಂತೆ ಜೋಡಿಸುವುದೇ ಇಲ್ಲಿ ನೈಪುಣ್ಯ. ಕಾಲಿನ ಮೂಳೆ ಕಟ್ಟಿದಂತೆ ಇದನ್ನು ಕಟ್ಟಲಾಗದು.

ಇಲ್ಲಿಯೇ ಒಂದು ಕಹಿ ಮಾತು ಹೇಳಬೇಕು. ಹಂದಿಗೆಂದು ಹಿಟ್ಟಿನಲ್ಲೋ ಹಣ್ಣಿನಲ್ಲೋ ಸಿಡಿಮದ್ದಿನ ಉಂಡೆ ಇಡುವವರು ಇಂದಿಗೂ ಇದ್ದಾರೆ. ಅದನ್ನು ಕಚ್ಚುವುದು ಹಂದಿಯೇ ಆಗಬೇಕೆಂದಿಲ್ಲ. ವಾಸನೆ ಹಿಡಿದು ಹೋಗುವ ನಾಯಿ, ಮೇಯುವ ಹಸು ಯಾವುದೂ ಆಗಬಹುದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಇಂಥ ಸಿಡಿಮದ್ದು ಕಚ್ಚಿ, ಬಾಯಿ ಛಿದ್ರವಾಗಿ, ತಿನ್ನಲಾರದೆ ನದಿಯ ನೀರಿನಲ್ಲಿ ನಿಂತು ಸತ್ತದ್ದನ್ನು ದೇಶವೇ ನೋಡಿತು. ಹಾಗೆ ಸಿಡಿದ ದವಡೆಯನ್ನು ಎಂಥ ತಜ್ಞನೂ ಮೊದಲಿನಂತೆ ಮಾಡಲಾರ. ಇದು ಕಾನೂನಿಗೂ ವಿರುದ್ಧ, ಬೇಸಾಯದ ಧರ್ಮಕ್ಕೂ ವಿರುದ್ಧ.

ಬಾಯಿಯ ಗಡ್ಡೆ: ವಸಡಿನ ಮೇಲೆ, ಅಂಗುಳಿನಲ್ಲಿ, ನಾಲಗೆಯ ಕೆಳಗೆ ಬೆಳೆಯುವ ಗಡ್ಡೆಗಳಲ್ಲಿ ಕೆಲವು ನಿರಪಾಯ, ಕೆಲವು ಕ್ಯಾನ್ಸರ್. ಕಣ್ಣಿನಿಂದ ನೋಡಿ ಹೇಳಲಾಗದು, ಒಂದು ಚೂರು ತೆಗೆದು ಪರೀಕ್ಷಿಸಬೇಕು. ನಮ್ಮ ಊರಿನ ನಾಯಿಗಳಲ್ಲಿ ಬೆದೆಯ ಕಾಲದಲ್ಲಿ, ಮೂಸಿ ನೆಕ್ಕುವುದರಿಂದಲೂ, ಒಂದರಿಂದ ಇನ್ನೊಂದಕ್ಕೆ ಅಂಟುವ ಗಡ್ಡೆಯೊಂದಿದೆ. ಅದು ಸಾಮಾನ್ಯವಾಗಿ ಜನನಾಂಗದಲ್ಲಿ ಬಂದರೂ ಕೆಲವೊಮ್ಮೆ ಮೂಗು ಬಾಯಿಗಳಲ್ಲೂ ಬರುತ್ತದೆ. ಇದಕ್ಕೆ ಕತ್ತಿಯೇ ಬೇಡ. ವಾರಕ್ಕೊಮ್ಮೆಯಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದು ಕೊಟ್ಟರೆ ಬಹುಮಟ್ಟಿಗೆ ಕರಗುತ್ತದೆ. ಪರೀಕ್ಷೆ ಮಾಡಿಸದೆ "ಕ್ಯಾನ್ಸರು, ಇನ್ನು ಉಳಿಯುವುದಿಲ್ಲ" ಎಂದು ಹೊಲದಾಚೆ ಬಿಟ್ಟುಬಂದ ನಾಯಿಗಳಲ್ಲಿ ಇಂಥವು ಎಷ್ಟಿದ್ದವೋ!

ನಿಜವಾದ ಕ್ಯಾನ್ಸರ್ ಆದರೆ ಗಡ್ಡೆಯ ಜೊತೆಗೆ ಸುತ್ತಲಿನ ದವಡೆಯ ಮೂಳೆಯನ್ನೂ ತೆಗೆಯಬೇಕಾಗುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಕೆಳದವಡೆಯ ಒಂದು ಭಾಗವನ್ನು ಕಳೆದುಕೊಂಡ ನಾಯಿಗಳು ನಾಲಗೆ ಸ್ವಲ್ಪ ಪಕ್ಕಕ್ಕೆ ಜೋತರೂ ಸ್ವಂತವಾಗಿ ತಿಂದು ಓಡಾಡುತ್ತವೆ. ಕೃಷಿ ಸಂಶೋಧನೆಯಿಂದಾಗಿ ನಮ್ಮಂಥವರಿಗೆ ಚೆನ್ನಾಗಿ ಪರಿಚಿತವಾದ ಹೆಸರು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾನಿಲಯ. ಅಲ್ಲಿನ ಪಶುವೈದ್ಯರು ದವಡೆಯ ಭಾಗ ತೆಗೆದ ಜಾಗಕ್ಕೆ ಟೈಟಾನಿಯಂ ತಗಡು ಕೂರಿಸಿ, ಮೂಳೆ ಬೆಳೆಸುವ ಪ್ರೋಟೀನನ್ನು ನೆನೆಸಿದ ಸ್ಪಂಜಿನಂಥ ವಸ್ತುವನ್ನಿಟ್ಟು, ನಾಯಿಗಳಲ್ಲಿ ದವಡೆಯ ಮೂಳೆ ಮತ್ತೆ ಬೆಳೆಯುವಂತೆ ಮಾಡಿದ್ದಾರೆ. ಅದು ನಾಳೆಯೇ ನಮ್ಮ ತಾಲ್ಲೂಕಿಗೆ ಬರುತ್ತದೆಂದು ಹೇಳುತ್ತಿಲ್ಲ. ಶಾಸ್ತ್ರ ಎಲ್ಲಿಯವರೆಗೆ ಬಂದಿದೆ ಎಂದು ತಿಳಿದಿರಲಿ ಎಂದಷ್ಟೆ.

ಅಂಗುಳಿನ ಸೀಳು, ತೂತು: ಹುಟ್ಟುವಾಗಲೇ ಅಂಗುಳು ಸೀಳಿದ ಮರಿ ಹಾಲು ಕುಡಿದರೆ ಮೂಗಿನಲ್ಲಿ ಬರುತ್ತದೆ. ದೊಡ್ಡ ನಾಯಿಯಲ್ಲಿ ಮೇಲಿನ ಕೋರೆಹಲ್ಲು ಕೊಳೆತು ಬಾಯಿಗೂ ಮೂಗಿಗೂ ನಡುವೆ ತೂತು ಬೀಳಬಹುದು. ಸದಾ ಒಂದೇ ಹೊಳ್ಳೆಯಲ್ಲಿ ಸಿಂಬಳ, ಸೀನು ಇದ್ದರೆ ಶೀತವೆಂದು ತಳ್ಳಿಹಾಕದೆ ಬಾಯಿ ನೋಡಿಸಬೇಕು. ಇವನ್ನು ಪಕ್ಕದ ಚರ್ಮವನ್ನೇ ಸರಿಸಿ ಹೊಲಿದು ಮುಚ್ಚುತ್ತಾರೆ.

ಬೆಕ್ಕಿನ ಬಾಯಿಹುಣ್ಣು: ಕೆಲವು ಬೆಕ್ಕುಗಳಿಗೆ ವಸಡು, ಗಂಟಲ ಬದಿ ಎಲ್ಲಾ ಕೆಂಡದಂತೆ ಕೆಂಪಾಗಿ ಬಾವು ಬರುತ್ತದೆ. ಹಸಿದು ತಟ್ಟೆಯ ಬಳಿ ಓಡಿ ಬರುತ್ತದೆ, ಒಂದು ತುತ್ತಿಗೆ ಕಿರುಚಿ ಹಿಂದಕ್ಕೆ ಹಾರುತ್ತದೆ. ಮೈ ನೆಕ್ಕಿಕೊಳ್ಳುವುದನ್ನು ಬಿಡುವುದರಿಂದ ಕೂದಲು ಜಡ್ಡುಗಟ್ಟುತ್ತದೆ. ಔಷಧಿಯಿಂದ ತಾತ್ಕಾಲಿಕ ಉಪಶಮನ ಮಾತ್ರ. ದವಡೆಹಲ್ಲುಗಳನ್ನೆಲ್ಲಾ, ಕೆಲವೊಮ್ಮೆ ಪೂರ್ತಿ ಹಲ್ಲುಗಳನ್ನೇ ಬೇರುಸಹಿತ ತೆಗೆಯುವುದರಿಂದ ಬಹುಪಾಲು ಬೆಕ್ಕುಗಳು ಸುಧಾರಿಸುತ್ತವೆ. ಹಲ್ಲಿಲ್ಲದ ಬೆಕ್ಕು ಬದುಕೀತೆ ಎಂದರೆ, ನೋವಿನ ಹಲ್ಲಿರುವ ಬೆಕ್ಕಿಗಿಂತ ಚೆನ್ನಾಗಿಯೇ ಅನ್ನ ತಿನ್ನುತ್ತದೆ. ಇಲಿ ಹಿಡಿಯುವ ಕೆಲಸವನ್ನು ಮಾತ್ರ ಬೇರೆ ಬೆಕ್ಕಿಗೆ ವಹಿಸಬೇಕು.

ಇಷ್ಟಾದರೂ ಎಲ್ಲಕ್ಕೂ ಶಸ್ತ್ರಚಿಕಿತ್ಸೆಯೇ ಉತ್ತರವಲ್ಲ. ಬೆಕ್ಕಿನ ನಾಲಗೆಯ ಬುಡದ ಕ್ಯಾನ್ಸರ್, ತಡವಾಗಿ ಬಂದು ದೇಹಕ್ಕೆಲ್ಲಾ ಹರಡಿದ ಗಡ್ಡೆ ಇವುಗಳಲ್ಲಿ ಕತ್ತಿ ಹಿಡಿಯುವುದು ಪ್ರಾಣಿಗೆ ಹಿಂಸೆ. ಆಗ ನೋವಿಲ್ಲದ ಸಾವನ್ನು ಕೊಡಿ ಎಂದು ವೈದ್ಯರು ಹೇಳಿದರೆ ಅದನ್ನು ಸೋಲೆಂದು ತಿಳಿಯಬಾರದು. ಅನ್ನ ತಿನ್ನಲಾಗದೆ ಹಿತ್ತಿಲಲ್ಲಿ ಹತ್ತಾರು ದಿನ ನರಳಿ ಸಾಯುವುದಕ್ಕೆ ಬಿಡುವುದೇ ನಿಜವಾದ ಕ್ರೌರ್ಯ.

"ಹಸುವಿಗೇ ವೈದ್ಯರಿಲ್ಲ, ನಾಯಿಗೆ ಹಲ್ಲಿನ ವೈದ್ಯರೆ?"

ಈ ಪ್ರಶ್ನೆಯನ್ನು ನೀವು ಕೇಳುತ್ತೀರೆಂದು ಬಲ್ಲೆ. ನಮ್ಮ ಹಳ್ಳಿಯ ಕಟ್ಟೆಯ ಮೇಲೆ ನನ್ನನ್ನೂ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಹಾಲು ಕೊಡುವ ಹಸುವಿನ ಕೆಚ್ಚಲು ಬಾವಿಗೆ ವೈದ್ಯರು ಸಕಾಲದಲ್ಲಿ ಸಿಗದ ಊರಿನಲ್ಲಿ ನಾಯಿಯ ಹಲ್ಲಿನ ಮಾತು ಆಡಂಬರವೆನಿಸುತ್ತದೆ.

ಆದರೆ ಮೂರು ಸಂಗತಿ ಯೋಚಿಸಿ. ಒಂದು, ತೋಟದ ನಾಯಿ ಶೋಕಿಯ ನಾಯಿಯಲ್ಲ. ಅದರ ದುಡಿಮೆಗೆ ನಾವು ಕೂಲಿ ಬರೆದಿಡುವುದಿಲ್ಲ ಅಷ್ಟೆ. ಒಂದು ರಾತ್ರಿ ಅದು ಬೊಗಳದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಹನ್ನೊಂದು ಸಸಿಗಳು ನನಗೆ ಕಲಿಸಿದವು. ಎರಡು, ತಡಮಾಡಿದಷ್ಟೂ ಖರ್ಚು ಹೆಚ್ಚು. ಮೊಳಕೆಯಲ್ಲಿ ಉಗುರಿನಿಂದ ಚಿವುಟಬಹುದಾದುದನ್ನು ಮರವಾದ ಮೇಲೆ ಕೊಡಲಿಯಿಂದ ಕಡಿಯಬೇಕು. ಕರಿಯನಿಗೆ ಮೂರು ಸಲ ಮುಲಾಮು ಮಾತ್ರೆಗಳಿಗೆ ಸುರಿದ ಹಣ, ಕೆಲಸ ಕೆಟ್ಟ ದಿನ ಎಲ್ಲವೂ ವ್ಯರ್ಥ. ಮೊದಲ ಬಾವಿಗೇ ತುಟಿ ಎತ್ತಿ ನೋಡಿದ್ದರೆ ಒಂದೇ ಓಡಾಟದಲ್ಲಿ ಮುಗಿಯುತ್ತಿತ್ತು. ಮೂರು, ಹಸುವಿಗೂ ನಾಯಿಗೂ ಬೇಕಾದುದು ಒಂದೇ: ನೋಡಿ ಗುರುತಿಸುವ ಯಜಮಾನ, ಕರೆದರೆ ಸಿಗುವ ವೈದ್ಯ, ಮುಂದಿನ ಚಿಕಿತ್ಸೆಗೆ ಕಳುಹಿಸಲು ಒಂದು ಜಾಗ. ಒಂದಕ್ಕೆ ಕೇಳಿದರೆ ಇನ್ನೊಂದಕ್ಕೆ ಕಡಮೆಯಾಗುವುದಿಲ್ಲ.

ಆದುದರಿಂದ ಇಲಾಖೆಯವರಲ್ಲೂ ಪಶುವೈದ್ಯ ವಿಶ್ವವಿದ್ಯಾನಿಲಯದವರಲ್ಲೂ ನನ್ನ ಸಲಹೆ ಇದು. ಪ್ರತಿಯೊಂದು ಜಿಲ್ಲಾ ಪಶು ಆಸ್ಪತ್ರೆಯಲ್ಲಿ ಹಲ್ಲಿನ ಎಕ್ಸ್‌ರೇ ತೆಗೆಯುವ, ಹಲ್ಲನ್ನು ಕೊಯ್ಯುವ ಸಲಕರಣೆ ಒಂದು ಜೊತೆಯಾದರೂ ಇರಲಿ. ಕೆಲಸದಲ್ಲಿರುವ ವೈದ್ಯರಿಗೆ ಈ ವಿಷಯದಲ್ಲಿ ಅಲ್ಪಾವಧಿಯ ತರಬೇತಿ ದೊರೆಯಲಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದಂದು ಊರೂರಲ್ಲಿ ನಾಯಿಗಳಿಗೆ ಲಸಿಕೆ ಹಾಕುವಾಗ, ಪಳಗಿದ ನಾಯಿಗಳ ತುಟಿಯನ್ನೂ ಒಮ್ಮೆ ಎತ್ತಿ ನೋಡಿ ಯಜಮಾನನಿಗೆ ಎರಡು ಮಾತು ಹೇಳಲಿ. ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. 2004ರ ಕಾಯಿದೆಯಂತೆ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯ ಬೇರೆಯಾಗುವ ಮೊದಲು ಹೆಬ್ಬಾಳದ ಪಶುವೈದ್ಯ ಕಾಲೇಜು ನಮ್ಮ ಕೃಷಿ ವಿಶ್ವವಿದ್ಯಾನಿಲಯದ ಅಂಗವೇ ಆಗಿತ್ತು. ಮನೆ ಬೇರೆಯಾದರೂ ರೈತ ಒಬ್ಬನೇ.

ನೀವು ಮಾಡಬೇಕಾದುದು

1. ಮರಿಯಾಗಿದ್ದಾಗಿನಿಂದಲೇ ತುಟಿ ಎತ್ತಿಸಿಕೊಳ್ಳುವುದನ್ನು ರೂಢಿ ಮಾಡಿ. ಲಸಿಕೆಯಾದ, ಪಳಗಿದ, ಮಂಕಾಗಿರದ ನಾಯಿಯ ಬಾಯಿಯನ್ನು ತಿಂಗಳಿಗೊಮ್ಮೆ ನೋಡಿ. ತುಟಿ ಎತ್ತಿ ಹೊರಗಿನಿಂದ ನೋಡಿದರೆ ಸಾಕು, ಬಾಯಿಯೊಳಗೆ ಬೆರಳು ಹಾಕಬೇಡಿ.

2. ಆರೇಳು ತಿಂಗಳಾದ ಮರಿಯಲ್ಲಿ ಹೊಸ ಕೋರೆಹಲ್ಲಿನ ಪಕ್ಕದಲ್ಲೇ ಹಳೆಯ ಹಾಲುಹಲ್ಲು ನಿಂತಿದ್ದರೆ ವೈದ್ಯರಿಂದ ತೆಗೆಸಿ.

3. ಈ ಲಕ್ಷಣಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಿ: ಕೆಟ್ಟ ವಾಸನೆ, ಒಂದೇ ಮಗ್ಗುಲಲ್ಲಿ ಅಗಿಯುವುದು, ಕಣ್ಣಿನ ಕೆಳಗೆ ಬಾವು, ಜೊಲ್ಲಿನಲ್ಲಿ ರಕ್ತ, ಮುರಿದ ಅಥವಾ ಕಪ್ಪಾದ ಹಲ್ಲು, ವಸಡಿನ ಮೇಲೆ ಗಂಟು, ಒಂದೇ ಹೊಳ್ಳೆಯಿಂದ ಸಿಂಬಳ.

4. ಬೇಯಿಸಿದ ಮೂಳೆ ಚೂರಾಗಿ ಚುಚ್ಚುತ್ತದೆ, ಗಟ್ಟಿ ಮೂಳೆ ಹಲ್ಲು ಸೀಳುತ್ತದೆ. ಎರಡನ್ನೂ ಹಾಕಬೇಡಿ. ಮಕ್ಕಳು ನಾಯಿಗೆ ಕಲ್ಲೆಸೆದು ಕಚ್ಚಿ ತರಿಸುವ ಆಟವನ್ನು ಬಿಡಿಸಿ. ಪಂಪುಸೆಟ್ಟಿನ ವಿದ್ಯುತ್ ತಂತಿಗಳು ಮರಿಗಳ ಬಾಯಿಗೆ ಸಿಗದಂತಿರಲಿ.

5. ಬೆಕ್ಕಿನ ನಾಲಗೆಗೆ ದಾರ ಸುತ್ತಿಕೊಂಡು ಗಂಟಲಿಗೆ ಇಳಿದಿದ್ದರೆ ಎಳೆಯಬೇಡಿ. ತುದಿಯಲ್ಲಿ ಸೂಜಿ ಇರಬಹುದು, ಕರುಳನ್ನೂ ಕೊಯ್ಯಬಹುದು.

6. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಮನುಷ್ಯರ ಹಲ್ಲುಪುಡಿ, ಪೇಸ್ಟುಗಳೂ ಬೇಡ. ಹಲ್ಲುಜ್ಜುವ ಮನಸ್ಸಿದ್ದರೆ ಒದ್ದೆ ಬಟ್ಟೆಯಿಂದ ಹಲ್ಲಿನ ಹೊರಮೈ ಒರೆಸಿದರೂ ಲಾಭವಿದೆ.

7. ಅರಿವಳಿಕೆಯಿಲ್ಲದೆ ಹಿಡಿದುಕೊಂಡು ಹಲ್ಲು ಕೆರೆದು ಬೆಳ್ಳಗೆ ಮಾಡಿಸಿದರೆ ಕೆಲಸವಾದಂತಲ್ಲ. ರೋಗವಿರುವುದು ವಸಡಿನ ಅಡಿಯಲ್ಲಿ.

8. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962. ಹತ್ತಿರದ ಪಶುವೈದ್ಯರಿಂದ ಚೀಟಿ ಪಡೆದು ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮುಂತಾದ ಕಡೆಗಳ ಪಶುವೈದ್ಯ ಕಾಲೇಜುಗಳಿಗೆ ಹೋಗಬಹುದು. ಹಿಂದಿನ ರಾತ್ರಿಯ ಊಟದ ವಿಷಯದಲ್ಲಿ ಅವರು ಹೇಳಿದಂತೆ ನಡೆಯಿರಿ.

ಕರಿಯನಿಗೆ ಈಗ ಹತ್ತು ವರ್ಷ ದಾಟಿದೆ. ಒಂದು ಹಲ್ಲು ಕಡಮೆ, ಮೂತಿಯಲ್ಲಿ ನರೆ. ಮೊನ್ನೆ ಊರಿಗೆ ಹೋದಾಗ ಪಕ್ಕದ ತೋಟದ ಹಿರಿಯರೊಬ್ಬರು ತಮ್ಮ ನಾಯಿಯನ್ನು ಹಗ್ಗದಲ್ಲಿ ಹಿಡಿದು ತಂದು, "ಏನ್ ಡಾಕ್ಟ್ರೇ, ಇದರ ಬಾಯಿ ವಸಿ ನೋಡ್ತೀರಾ?" ಎಂದರು. ನಾನು ಪೈರಿನ ಡಾಕ್ಟರೆಂದು ಈ ಸಲ ಹೇಳಲಿಲ್ಲ. ಲಸಿಕೆ ಹಾಕಿಸಿದ್ದೀರಾ ಎಂದು ಮೊದಲು ಕೇಳಿದೆ. ಹಾಕಿಸಿರಲಿಲ್ಲ. ಇಬ್ಬರೂ ಕೂಡಿಯೇ ಪಶು ಆಸ್ಪತ್ರೆಗೆ ಹೊರಟೆವು.